ಅಭಿಜ್ಞಾನವಿಲ್ಲದ ಮರೆವು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವಾಗ ಮೊಮ್ಮಕ್ಕಳು ಈ ಮಾತನ್ನಾಡಿ ನಗುವರು, ಹಿರಿಯರೂ ನಗುವರು. ಆ ನಗೆಯಲ್ಲಿ ದೋಷವಿಲ್ಲ. ಆದರೆ ಅದೇ ಹಿರಿಯರು ಉಂಡು ಕೈತೊಳೆದ ಗಳಿಗೆಯಲ್ಲಿಯೇ ತಮಗೆ ಊಟ ಹಾಕಲಿಲ್ಲವೆಂದು ನೆರೆಯವರೊಡನೆ ದೂರಿದಾಗಲೂ, ತಾವೇ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಕುಳಿತು ‘ನನ್ನನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಬೇಡಿದಾಗಲೂ ಮನೆಯವರು ಅದೇ ಗಾದೆಯನ್ನು ಹೇಳಿ ಸುಮ್ಮನಾಗುವುದುಂಟು. ಆಗ ಗಾದೆಯು ವಿನೋದವಾಗಿ ಉಳಿಯದೆ ವ್ಯಾಧಿಯೊಂದನ್ನು ಮುಚ್ಚಿಡುವ ತೆರೆಯಾಗುತ್ತದೆ.

ಈ ಮಾತನ್ನು ಕವಿಯೊಬ್ಬರು ಎತ್ತಿ ಮೇಲಿರಿಸಿದ್ದೂ ಉಂಟು. 1896ರಲ್ಲಿ ಜನಿಸಿದ ದ. ರಾ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ, 1958ರಲ್ಲಿ, ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಕವನಸಂಕಲನದ ಹೆಸರೇ ‘ಅರಳು ಮರಳು’. ಮರಳಿ ಅರಳುವುದು ಎಂಬ ಧ್ವನಿ ಆ ಹೆಸರಿನಲ್ಲಿ ತಾನಾಗಿಯೇ ಹೊರಡುತ್ತದೆ. ಹೀಗೆ ಜನ ಈ ಮಾತಿನಿಂದ ನಕ್ಕರು, ಕವಿ ಅದರಿಂದ ಅರಳಿದರು. ಅದರೊಳಗೆ ಅಡಗಿದ್ದ ದುಃಖವನ್ನು ಮಾತ್ರ ಕನ್ನಡದ ಕಲೆ ಬಹುಕಾಲ ವಿಶೇಷವಾಗಿ ಎತ್ತಿಕೊಳ್ಳಲಿಲ್ಲ.

ಗಾದೆಯು ವಸ್ತುಸ್ಥಿತಿಗೂ ಒಪ್ಪುವುದಿಲ್ಲ. 1906ರ ನವೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದ ವಿದ್ವತ್ಸಭೆಯೊಂದರಲ್ಲಿ ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಒಬ್ಬ ಹೆಂಗಸಿನ ರೋಗವನ್ನು ವಿವರಿಸಿದರು. ಮುಂದೆ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಆ ವ್ಯಾಧಿ ಆಕೆಯನ್ನು ಹಿಡಿದದ್ದು ಐವತ್ತರ ಆಸುಪಾಸಿನಲ್ಲಿ; ಅರವತ್ತನ್ನು ಆಕೆ ಕಾಣಲೇ ಇಲ್ಲ. ಇತ್ತ ಭಾರತದಲ್ಲಿ ಅರವತ್ತು ತುಂಬಿದವರೊಳಗೆ ಡಿಮೆನ್ಷಿಯ, ಎಂದರೆ ಮರೆಗುಳಿತನದ ವ್ಯಾಧಿ, ನೂರಕ್ಕೆ 7.4 ಮಂದಿಯಲ್ಲಿ ಇರಬಹುದೆಂದೂ, ಒಟ್ಟು ಸಂಖ್ಯೆ ಸುಮಾರು 88 ಲಕ್ಷವೆಂದೂ 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಅಂದಾಜು ಮಾಡಿದೆ. ಇದನ್ನು ತಿರುಗಿಸಿ ಓದಿದರೆ, ಅರವತ್ತು ತುಂಬಿದ ನೂರು ಜನರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಈ ವ್ಯಾಧಿ ಇಲ್ಲ. ಮುಪ್ಪು ಬೇರೆ, ಈ ಮರೆವು ಬೇರೆ.

ಸಾಹಿತ್ಯದಲ್ಲಿ ಮರೆವು ಹೊಸ ವಸ್ತುವಲ್ಲ. ‘ಅಭಿನವ ಕಾಳಿದಾಸ’ರೆಂದು ಹೆಸರಾದ ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲವನ್ನು ಓದಿದವರಿಗೆಲ್ಲ ದುಷ್ಯಂತನ ಮರೆವು ಪರಿಚಿತವೇ ಆಗಿದೆ. ಅಲ್ಲಿ ಮರೆವು ಬಂದದ್ದು ಶಾಪದಿಂದ, ಹೋದದ್ದು ಉಂಗುರದಿಂದ. ಆ ಉಂಗುರವೇ ಅಭಿಜ್ಞಾನ, ಎಂದರೆ ಗುರುತು. ಅದನ್ನು ಕಂಡೊಡನೆ ರಾಜನಿಗೆ ಎಲ್ಲವೂ ನೆನಪಾಗುತ್ತದೆ. ಮರೆವಿಗೆ ಒಂದು ಕಾರಣವುಂಟು, ಒಂದು ಗುರುತು ಉಂಟು, ಒಂದು ಕೊನೆಯೂ ಉಂಟು. ಡಿಮೆನ್ಷಿಯದಲ್ಲಿ ಈ ಕೊನೆ ಇಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಪಂಚಲಿಂಗದರ್ಶನದ ಕಾಲಕ್ಕೆ ಮರಳನ್ನು ಸರಿಸಿ ದೇವರನ್ನು ಕಾಣುವರು. 2020ರ ಡಿಸೆಂಬರಿನಲ್ಲಿಯೂ ಹಾಗೆಯೇ ಕಂಡರು. ಬುದ್ಧಿಯ ಮೇಲೆ ಕವಿಯುವ ಈ ಮರಳನ್ನು ಪೂರ್ಣವಾಗಿ ಸರಿಸುವ ಉಪಾಯವು ವೈದ್ಯಶಾಸ್ತ್ರಕ್ಕೆ ಇನ್ನೂ ದೊರೆತಿಲ್ಲ. ಅಭಿಜ್ಞಾನವಿಲ್ಲದ ಇಂತಹ ಮರೆವನ್ನು ಕೃತಿಯ ವಸ್ತುವನ್ನಾಗಿ ಮಾಡಿಕೊಳ್ಳುವವನಿಗೆ ಕಾಳಿದಾಸನ ಹಾದಿ ಒದಗುವುದಿಲ್ಲ. ಬೇರೊಂದು ಹಾದಿಯನ್ನು ಅವನೇ ಕಡಿದುಕೊಳ್ಳಬೇಕು.

2016ರ ಜೂನ್ 3ರಂದು ಬಿಡುಗಡೆಯಾದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಕನ್ನಡ ಚಲಚ್ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ. ಹೇಮಂತ್ ಎಂ. ರಾವ್ ಅವರು ನಿರ್ದೇಶಿಸಿದ ಮೊದಲನೆಯ ಚಿತ್ರ ಇದು. 2018ರಲ್ಲಿ ತಮಿಳಿನಲ್ಲಿಯೂ ಮರುರೂಪ ಪಡೆಯಿತು. ಕಥೆ ಸರಳವಾದುದು. ವೆಂಕೋಬರಾಯರು ಆಲ್ಜೈಮರ್ ವ್ಯಾಧಿಗೆ ತುತ್ತಾದ ವೃದ್ಧರು. ಪತ್ನಿ ಇಲ್ಲ. ಒಬ್ಬನೇ ಮಗ ಶಿವ ಪರಊರಿನಲ್ಲಿ ಉದ್ಯೋಗದಲ್ಲಿರುವನು. ತಾಯಿಯ ಮರಣದ ಬಳಿಕ ತಂದೆಮಕ್ಕಳ ನಡುವೆ ದೂರ ಬೆಳೆದಿದೆ. ರಾಯರು ಬೆಂಗಳೂರಿನ ಒಂದು ಆರೈಕೆಯ ಮನೆಯಲ್ಲಿ ಸಹನಾ ಎಂಬ ತರುಣ ವೈದ್ಯೆಯ ಪಾಲನೆಯಲ್ಲಿರುವರು. ಊರಿಗೆ ಬಂದ ಮಗ ತಂದೆಯನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ಅವನ ಗಮನ ಬೇರೆ ಕಡೆ ಇದ್ದಾಗ ತಂದೆ ಕಾಣೆಯಾಗುತ್ತಾರೆ. ಮುಂದಿನ ಕಥೆಯೆಲ್ಲ ಹುಡುಕಾಟ.

ಚಿತ್ರದ ಹೆಸರಿನಲ್ಲಿಯೇ ಅದರ ಸಾರವಿದೆ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು ಎಂಬುದು ಕಾಣೆಯಾದವರ ಪ್ರಕಟಣೆಯಲ್ಲಿ ದಿನವೂ ಕಾಣುವ ಒಕ್ಕಣೆ. ಆ ಪ್ರಕಟಣೆಗಳನ್ನು ಓದುವವರು ಮುಂದಿನ ಸುದ್ದಿಗೆ ಹಾಯ್ದುಹೋಗುವರೇ ಹೊರತು ಮಾತಿನ ಮೇಲೆ ನಿಲ್ಲುವವರು ವಿರಳ. ನಿಂತು ನೋಡಿದರೆ ಅದು ಯಾರ ವರ್ಣನೆಯೂ ಅಲ್ಲವೆಂದು ತಿಳಿಯುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳ ಸುತ್ತ ನೆರೆಯುವ ಜನರೊಳಗೆ ಗೋಧಿ ಬಣ್ಣದ, ಸಾಧಾರಣ ಮೈಕಟ್ಟಿನ ಮುದುಕರು ಎಷ್ಟು ಮಂದಿ! ಅವರಲ್ಲಿ ಒಬ್ಬರೇ ಒಬ್ಬರು ಒಂದು ಮನೆಗೆ ಬೇಕಾದವರು. ಅವರನ್ನು ಉಳಿದವರಿಂದ ಬೇರ್ಪಡಿಸುವ ಮಾತು ಯಾವುದು? ಬೇರೊಬ್ಬರು ಬರೆದುಕೊಡಬಲ್ಲ ಮಾತಲ್ಲ ಅದು, ಮಗನೇ ಹೇಳಬೇಕು. ಹೆತ್ತ ಮಗನಿಗೂ ಈ ಎರಡು ಸವೆದ ಮಾತುಗಳ ಆಚೆಗೆ ಏನೂ ಹೊಳೆಯದೆ ಹೋದರೆ, ತಂದೆ ಕಾಣೆಯಾದದ್ದು ಅಂದಿನ ದಿನವಲ್ಲ, ಎಷ್ಟೋ ವರ್ಷಗಳ ಹಿಂದೆ. ಈ ಕಹಿ ಸತ್ಯವನ್ನು ಚಿತ್ರವು ಉಪದೇಶದ ಮೂಲಕವಲ್ಲದೆ ಹೆಸರಿನ ಮೂಲಕವೇ ಪ್ರೇಕ್ಷಕನ ಮುಂದಿಡುತ್ತದೆ. ಇತ್ತೀಚಿನ ಕನ್ನಡ ಕೃತಿಗಳಲ್ಲಿ ಇಷ್ಟು ಸಾರ್ಥಕವಾದ ಹೆಸರು ದೊರೆಯುವುದು ಅಪರೂಪ.

ಇದಾದಮೇಲೆ ಚಿತ್ರ ಕಡಿದುಕೊಂಡ ಹಾದಿ ಕಾಣಿಸುತ್ತದೆ. ಹುಡುಕುತ್ತ ಹೋದ ಶಿವನು ಸಹನಾಳ ಮಾತಿನಿಂದಲೂ ತಂದೆಯನ್ನು ಬಲ್ಲವರಿಂದಲೂ ತನಗೆ ಗೊತ್ತಿರದ ಒಬ್ಬ ಮನುಷ್ಯನನ್ನು ಅರಿಯುತ್ತಾನೆ. ಆ ಮನುಷ್ಯನಿಗೂ ತಾರುಣ್ಯವಿತ್ತು. ಒಬ್ಬ ಹೆಣ್ಣನ್ನು ಮೆಚ್ಚಿ ವರಿಸಿದ್ದನು. ಅವಳನ್ನು ಕಳೆದುಕೊಂಡ ದುಃಖವನ್ನು ಮಗನಿಗೆ ತೋರದಂತೆ ಬಾಳಿದ್ದನು. ಮರೆತವರು ತಂದೆಯಾದರೂ ನೆನಪನ್ನು ಪಡೆಯುವವನು ಮಗ. ಶಾಕುಂತಲದಲ್ಲಿ ಮರೆತವನೇ ಗುರುತನ್ನು ಕಂಡು ಎಚ್ಚರಗೊಂಡನು; ಇಲ್ಲಿ ಎಚ್ಚರಗೊಳ್ಳಬೇಕಾದವನು ಮರೆಯದೆ ಇದ್ದವನು. ಅಭಿಜ್ಞಾನವು ರೋಗಿಯ ಕಡೆಯಿಂದ ಪಾಲಕನ ಕಡೆಗೆ ದಾಟಿರುವುದೇ ಈ ಕೃತಿಯ ಮುಖ್ಯ ಸಿದ್ಧಿ. ಒಬ್ಬರ ನೆನಪು ಕೆಟ್ಟಮೇಲೆ ಅವರ ಪಾಲಿನ ನೆನಪನ್ನೂ ಮನೆಯವರೇ ಹೊರಬೇಕಾಗುತ್ತದೆ. ಆರೈಕೆಯ ಮೊದಲನೆಯ ಕೆಲಸವೇ ಅದು.

ವೆಂಕೋಬರಾಯರ ಪಾತ್ರದಲ್ಲಿ ಅನಂತ ನಾಗ್ ಅವರ ಅಭಿನಯವು ಸಂಯಮಕ್ಕೆ ಮಾದರಿಯಾಗಿದೆ. ಬುದ್ಧಿವಿಕಲತೆಯನ್ನು ರಂಗದ ಮೇಲೆ ತೋರಿಸುವಾಗ ನಟರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪನ್ನು ಮಾಡುವರು: ನಗೆಯನ್ನು ಹುಟ್ಟಿಸುವರು, ಇಲ್ಲವೆ ಕಣ್ಣೀರನ್ನು ಬೇಡುವರು. ಇವರು ಎರಡನ್ನೂ ಮಾಡುವುದಿಲ್ಲ. ಸೌಜನ್ಯವನ್ನು ಜೀವನವಿಡೀ ರೂಢಿಸಿಕೊಂಡ ಗೃಹಸ್ಥನಿಗೆ ಹೆಸರು, ದಿನ, ಊರು ಇವೆಲ್ಲ ಜಾರಿಹೋದಮೇಲೂ ಸೌಜನ್ಯ ಉಳಿದಿರುವುದನ್ನು ತೋರಿಸುವರು. ಇಂತಹವರನ್ನು ಮನೆಯಲ್ಲಿ ನೋಡಿಕೊಂಡವರು ಈ ಅಂಶದ ಸತ್ಯವನ್ನು ಒಡನೆಯೇ ಒಪ್ಪುವರು.

ಇನ್ನು ದೋಷಗಳ ವಿಚಾರ. ಮನೆಯ ದುಃಖದ ಕಥೆಗೆ ಪಾತಕಿಗಳ ಕಥೆಯೊಂದನ್ನು ಹೆಣೆಯಲಾಗಿದೆ. ದಾರಿ ತಪ್ಪಿದ ರಾಯರು ಕೊಲೆಯೊಂದರಲ್ಲಿ ತೊಡಗಿದವರ ಕೈಗೆ ಸಿಲುಕುವರು. ರಾಯರ ಸಹವಾಸದಿಂದ ಪಾತಕಿಯ ಮನಸ್ಸೂ ಅಲುಗುವುದನ್ನು ತೋರಿಸುವುದು ನಿರ್ದೇಶಕರ ಉದ್ದೇಶ. ಅದು ಹಿರಿದಾದ ಉದ್ದೇಶವೇ. ಆದರೆ ಕರುಣವು ಅಂಗಿಯಾದ ಕೃತಿಯಲ್ಲಿ ಭಯಾನಕವು ಅಂಗವಾಗಿ ನಿಂತಿರಬೇಕು. ಇಲ್ಲಿ ಅಂಗವೇ ಹಲವು ಸಲ ಅಂಗಿಯನ್ನು ನುಂಗುತ್ತದೆ. ಪ್ರೇಕ್ಷಕನು ರಾಯರ ಮನಸ್ಸಿನಲ್ಲಿ ಏನಾಗುತ್ತಿರಬಹುದೆಂದು ಕೇಳುವುದನ್ನು ಬಿಟ್ಟು ಪಿಸ್ತೂಲಿನ ಗುರಿ ಎತ್ತ ತಿರುಗೀತೆಂದು ನೋಡತೊಡಗುವನು. ಮರೆವಿನ ವ್ಯಾಧಿಯಿರುವ ಮನೆಗೆ ಭಯವನ್ನು ತರಲು ಪಾತಕಿಗಳು ಬೇಕಾಗಿಲ್ಲ. ಆರಿಸದೆ ಬಿಟ್ಟ ಗ್ಯಾಸಿನ ಒಲೆ ಸಾಕು; ಅಗುಳಿ ಹಾಕದ ಬಾಗಿಲು ಸಾಕು; ಮನೆಯ ಹಿಂದೆ ಹರಿಯುವ ನಾಲೆ ಸಾಕು.

ಎರಡನೆಯ ದೋಷ ಇದಕ್ಕಿಂತ ಗುರುತರವಾದುದು. ಚಿತ್ರದಲ್ಲಿ ರಾಯರನ್ನು ನೋಡಿಕೊಳ್ಳುವವಳು ವೈದ್ಯೆ. ಕರುಣೆಯುಳ್ಳವಳು, ಆಯಾಸವನ್ನು ಅಷ್ಟಾಗಿ ಅರಿಯದವಳು. ಕರ್ಣಾಟಕದ ಬಹುಮಟ್ಟಿನ ಮನೆಗಳಲ್ಲಿ ಈ ಕೆಲಸವನ್ನು ಮಾಡುವವರು ಹೆಂಡತಿ, ಮಗಳು, ಸೊಸೆ. ಸಂಜೆಯಾದೊಡನೆ ಹೆಚ್ಚುವ ಕಳವಳ, ರಾತ್ರಿಯೆಲ್ಲ ನಡೆಯುವ ಓಡಾಟ, ಸ್ನಾನಕ್ಕೆ ಒಲ್ಲೆನೆಂಬ ಹಟ, ಸೊಸೆಯೇ ಸರವನ್ನು ಕದ್ದಳೆಂಬ ಆಪಾದನೆ, ಬಟ್ಟೆ ಹಾಸಿಗೆಗಳ ಶುದ್ಧಿ ಇವು ಚಿತ್ರದಲ್ಲಿ ಸ್ಥಾನವನ್ನೇ ಪಡೆಯುವುದಿಲ್ಲ. ಆಪಾದನೆ ವ್ಯಾಧಿಯ ಲಕ್ಷಣವೆಂದು ತಿಳಿಯದ ಮನೆಯಲ್ಲಿ ಅದೊಂದೇ ಮಾತಿನಿಂದ ಅಣ್ಣತಮ್ಮಂದಿರು ಬೇರಾದದ್ದುಂಟು. ಕಾಣೆಯಾದವರನ್ನು ಹುಡುಕುವುದು ಎರಡು ದಿನದ ಕೆಲಸ. ಮನೆಯಲ್ಲಿಯೇ ಇದ್ದು ದಿನದಿನವೂ ಸ್ವಲ್ಪಸ್ವಲ್ಪವಾಗಿ ಕಾಣೆಯಾಗುವವರ ಜತೆಗಿರುವುದು ಹಲವು ವರ್ಷಗಳ ಕೆಲಸ. ಮೊದಲನೆಯದನ್ನು ಚಿತ್ರ ಚೆನ್ನಾಗಿ ಹೇಳಿತು. ಎರಡನೆಯದನ್ನು ಹೇಳುವ ಕನ್ನಡ ಕೃತಿಗೆ ಸ್ಥಳ ಇನ್ನೂ ತೆರವಾಗಿಯೇ ಇದೆ.

ಕಲೆಯು ಆರೈಕೆಯ ಕೈಪಿಡಿಯಲ್ಲ, ಅದರಿಂದ ಇಷ್ಟೆಲ್ಲವನ್ನು ಕೇಳುವುದು ಅನ್ಯಾಯ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಅರ್ಧ ನಿಜ. ಕೃತಿಯು ಪಾಠ ಹೇಳಬೇಕಾದುದಿಲ್ಲ. ಆದರೆ ತಾನೇ ಎತ್ತಿದ ಪ್ರಶ್ನೆಯನ್ನು ಕೊನೆಯವರೆಗೆ ಹೊತ್ತು ನಡೆಯಬೇಕಾದುದು ಕೃತಿಯ ಧರ್ಮ. ತಂದೆಯನ್ನು ಅರಿಯಲು ತಂದೆ ಕಾಣೆಯಾಗುವವರೆಗೆ ಏಕೆ ಕಾಯಬೇಕಾಯಿತು ಎಂಬುದೇ ಚಿತ್ರದ ಪ್ರಶ್ನೆ. ಅದಕ್ಕೆ ಉತ್ತರವಿರುವುದು ಕಥೆ ಪ್ರಾರಂಭವಾಗುವುದಕ್ಕೆ ಹಿಂದಿನ ಕಾಲದಲ್ಲಿ.

ಈ ಹಿಂದಿನ ಕಾಲದ ವಿಚಾರವನ್ನು ಕನ್ನಡದಲ್ಲಿ ಬಹು ಹಿಂದೆಯೇ ಬಸವಣ್ಣನವರು ಎತ್ತಿದ್ದರು. ಮುಪ್ಪನ್ನು ಕುರಿತ ಅವರ ಪ್ರಸಿದ್ಧ ವಚನದಲ್ಲಿ ಕೂದಲ ನರೆ, ಕೆನ್ನೆಯ ಸುಕ್ಕು, ಬಿದ್ದ ಹಲ್ಲು, ಬಾಗಿದ ಬೆನ್ನು, ಪರರ ಹಂಗು, ಊರುಗೋಲು ಇವುಗಳೆಲ್ಲ ಒಂದಾದಮೇಲೊಂದು ಬರುತ್ತವೆ. ಒಂದೊಂದರ ಕೊನೆಗೂ ‘ಮುನ್ನ’ ಎಂಬ ಮಾತು ಬಡಿಯುತ್ತದೆ. ವಚನದ ಬಲವೆಲ್ಲ ಆ ಒಂದು ಮಾತಿನಲ್ಲಿದೆ. ಆಗುವುದಕ್ಕೆ ಮುನ್ನ ಮಾಡಬೇಕಾದುದನ್ನು ಮಾಡು ಎಂಬುದೇ ಅದರ ಎಚ್ಚರಿಕೆ. ಆ ಪಟ್ಟಿಯಲ್ಲಿ ಬುದ್ಧಿಯ ಮರೆವೊಂದು ಕಾಣುವುದಿಲ್ಲ. ಬೆನ್ನು ಬಾಗಿದವನು ಶಿವನನ್ನು ನೆನೆಯಬಲ್ಲನು. ನೆನೆಯುವ ಶಕ್ತಿಯೇ ಹೋದವನು ಏನು ಮಾಡಿಯಾನು? ಆದುದರಿಂದ ಉಳಿದ ಎಲ್ಲಕ್ಕಿಂತ ಮರೆವಿಗೆ ಆ ‘ಮುನ್ನ’ ಹೆಚ್ಚು ಸಲ್ಲುತ್ತದೆ. ಚಿತ್ರವು ‘ಅನಂತರ’ದ ಕಥೆ, ಮನೆಗಳಿಗೆ ಬೇಕಾದುದು ‘ಮುನ್ನ’ದ ವಿವೇಕ.

ಆ ವಿವೇಕದ ಮೊದಲನೆಯ ಅಂಗ ವ್ಯಾಧಿಯನ್ನು ವ್ಯಾಧಿಯೆಂದು ಗುರುತಿಸುವುದು. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು; ಅವುಗಳಿಗೆ ಚಿಕಿತ್ಸೆಯೂ ಉಂಟು. ಗಾದೆಯನ್ನು ನಂಬಿ ಕುಳಿತ ಮನೆಯು ಗುಣವಾಗಬಹುದಾದುದನ್ನೂ ಕೆಡಿಸಿಕೊಳ್ಳುತ್ತದೆ. ಗುಣವಾಗದ ಬಗೆಯೇ ಆದರೂ ಬೇಗ ತಿಳಿದರೆ ಮುಂದಿನದನ್ನು ರೋಗಿಯನ್ನೇ ಕೇಳಿ ನಿಶ್ಚಯಿಸಲು ಕಾಲಾವಕಾಶ ದೊರೆಯುತ್ತದೆ. ಎಲ್ಲಿ ಇರಬೇಕು, ಯಾರ ಕೈಯಲ್ಲಿ ಉಣ್ಣಬೇಕು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಹೇಳುವ ಹಕ್ಕು ಮೊದಲು ಅವರದು.

ಎರಡನೆಯದು ಕಾಗದಪತ್ರಗಳ ವ್ಯವಸ್ಥೆ. ಜಮೀನಿನ ಪಹಣಿ, ಮನೆಯ ಖಾತೆ, ಬ್ಯಾಂಕಿನ ಲೆಕ್ಕ, ಪಿಂಚಣಿ ಇವುಗಳ ವಿವರವು ಮನೆಯ ಯಜಮಾನರ ತಲೆಯಲ್ಲಿ ಮಾತ್ರ ಇರುವ ಸಂಸಾರಗಳು ಬನ್ನೂರಿನಂತಹ ಊರುಗಳಲ್ಲಿ ಈಗಲೂ ಹೆಚ್ಚು. ಉಯಿಲು ಬರೆಯುವವರಿಗೆ ಸ್ವಸ್ಥಬುದ್ಧಿ ಇರಬೇಕೆಂದು 1925ರ ಉತ್ತರಾಧಿಕಾರದ ಕಾಯಿದೆ ವಿಧಿಸುತ್ತದೆ. ಜನರು ಜಿ.ಪಿ.ಎ. ಎಂದು ಕರೆಯುವ ಅಧಿಕಾರಪತ್ರವನ್ನು ಮಾಡಿಸಿಟ್ಟರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅದನ್ನು ಕೊಟ್ಟವರ ಬುದ್ಧಿ ಕೆಟ್ಟರೆ 1872ರ ಕರಾರು ಕಾಯಿದೆಯಂತೆ ಅದು ಕೊನೆಗೊಳ್ಳುತ್ತದೆ. ತಮ್ಮ ಚಿಕಿತ್ಸೆಯ ವಿಷಯದಲ್ಲಿ ಮುಂಗಡವಾಗಿ ನಿರ್ದೇಶವನ್ನು ಬರೆದಿಡಲೂ ತಮ್ಮ ಪರವಾಗಿ ಒಬ್ಬರನ್ನು ನೇಮಿಸಲೂ 2017ರ ಮಾನಸಿಕ ಆರೋಗ್ಯದ ಕಾಯಿದೆ ಅವಕಾಶವನ್ನಿತ್ತಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದೆ ಹೋದರೆ ಆ ಪತ್ರವನ್ನು ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ದಾರಿಯಿದೆ. ಉಯಿಲಾಗಲಿ ನಿರ್ದೇಶವಾಗಲಿ ಆಗಬೇಕಾದರೆ ಬುದ್ಧಿ ನೆಟ್ಟಗಿರುವಾಗಲೇ ಆಗಬೇಕು.

ಮೂರನೆಯದನ್ನು ಯಾವ ಕಾಯಿದೆಯೂ ಹೇಳುವುದಿಲ್ಲ, ಚಿತ್ರ ಹೇಳುತ್ತದೆ. ಹಿರಿಯರ ಜೀವನವನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದ ಶಿಶುಗಳ ತೂಕ ಮೊದಲಾದ ವಿವರಗಳು ದಾಖಲೆಯಲ್ಲಿ ಉಳಿದುಬಂದುವು. ಆ ಶಿಶುಗಳೇ ವಯಸ್ಸಾದಮೇಲೆ ಅವರ ಜ್ಞಾಪಕಶಕ್ತಿಯನ್ನು ಪರೀಕ್ಷಿಸಿ ಹೋಲಿಸುವ ಸಂಶೋಧನೆ ಅದರಿಂದ ಸಾಧ್ಯವಾಯಿತು. ಆಸ್ಪತ್ರೆಯೊಂದು ಪರರ ಮಕ್ಕಳ ತೂಕವನ್ನು ಇಷ್ಟು ಜೋಪಾನವಾಗಿ ಬರೆದಿಟ್ಟಿರುವಾಗ, ಮನೆಯು ತನ್ನ ತಾಯಿಯ ಬಾಲ್ಯದ ಊರು, ಗೆಳತಿಯ ಹೆಸರು, ಇಷ್ಟದ ಅಡುಗೆ, ಭಯಪಡುವ ವಸ್ತು ಇವುಗಳನ್ನು ಬರೆದಿಡದಿರುವುದು ಲಜ್ಜೆಯ ಸಂಗತಿ. ಇದು ಕೇವಲ ಭಾವನೆಯ ಮಾತಲ್ಲ. ‘ಮನೆಗೆ ಹೋಗಬೇಕು’ ಎಂದು ಹೊರಟ ಮುದುಕಿಯ ಮನಸ್ಸಿನಲ್ಲಿರುವ ಮನೆ ಅವಳ ತೌರೆಂದು ಬಲ್ಲವರು ಅವಳನ್ನು ಹುಡುಕಬೇಕಾದ ದಾರಿಯನ್ನೂ ಬಲ್ಲರು. ವ್ಯಾಸರಾಯರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬನ್ನೂರಿನ ಕಡೆಯಲ್ಲಿ ದೇವರನಾಮಗಳನ್ನು ಬಾಯಲ್ಲೇ ಕಲಿತ ಹಿರಿಯರಿಗೆ ಕೊರತೆಯಿಲ್ಲ. ಮಗಳ ಹೆಸರನ್ನು ಮರೆತವರು ಎಳೆಯಂದು ಕಲಿತ ಹಾಡಿನ ಚರಣವನ್ನು ತಪ್ಪದೆ ಹೇಳುವುದು ಈ ವ್ಯಾಧಿಯಲ್ಲಿ ಅನೇಕ ಸಲ ಕಂಡುಬರುವ ಸಂಗತಿ. ಸ್ನಾನಕ್ಕೆ ಒಲ್ಲದವರು ಹಾಡಿನ ಹಿಂದೆ ಎದ್ದು ಬರಬಹುದು. ಯಾವ ಹಾಡೆಂಬುದನ್ನು ಮಾತ್ರ ಮುನ್ನವೇ ತಿಳಿದಿರಬೇಕು.

ನಾಲ್ಕನೆಯದು ಪಾಲಕರ ಪಾಲನೆ. ರಾಯರು ಆರೈಕೆಯ ಮನೆಯಲ್ಲಿರುವುದನ್ನು ಚಿತ್ರವು ಪಾಪವೆಂದು ಚಿತ್ರಿಸಿಲ್ಲ. ಪಾಪವಿರುವುದು ಮಗನ ಅಲಕ್ಷ್ಯದಲ್ಲಿ. ಈ ವಿವೇಚನೆ ಶ್ಲಾಘ್ಯವಾದುದು. ಬೆಂಗಳೂರಿನಲ್ಲಿ ಇಂತಹ ಆರೈಕೆಯ ಸ್ಥಳಗಳು ಉಂಟು. ಹಳ್ಳಿಗಳ ಕೈಗೆ ಅವು ಎಟುಕುವುದು ಕಷ್ಟ. ಇಲ್ಲಿ ಭಾರವೆಲ್ಲ ಒಬ್ಬ ಸೊಸೆಯ ಮೇಲೆ ಬೀಳುತ್ತದೆ. ಪಟ್ಟಣಗಳಲ್ಲಿರುವ ಮಕ್ಕಳು ತಿಂಗಳಿಗೊಮ್ಮೆ ಹಣ್ಣು ತಂದು, ‘ಅಪ್ಪ ಇಳಿದುಹೋಗಿದ್ದಾರೆ’ ಎಂದು ಟೀಕಿಸಿ ಹೋಗುವುದು ಪಾಲನೆಯಲ್ಲ. ವರ್ಷಕ್ಕೆ ಇಷ್ಟು ವಾರ ತಾನು ನೋಡಿಕೊಳ್ಳುವೆನೆಂದು ಒಬ್ಬೊಬ್ಬರೂ ಮೊದಲೇ ಹಂಚಿಕೊಳ್ಳುವುದು ಪಾಲನೆ. ನಿದ್ದೆಯಿಲ್ಲದ ಹೆಂಗಸಿಗೆ ಒಂದು ರಾತ್ರಿಯ ನಿದ್ದೆಯನ್ನು ಕೊಡುವುದೂ ರೋಗಿಯ ಸೇವೆಯೇ. ಸಲಹೆ ಬೇಕಾದವರಿಗೆ ಹಿರಿಯ ನಾಗರಿಕರ ಸಹಾಯವಾಣಿ 14567, ಮನೋವೈದ್ಯಕೀಯದ ಸಹಾಯವಾಣಿ 14416 ಇವೆ.

ಬನ್ನೂರಿನ ಬಸ್ಸು ನಿಲ್ದಾಣದಿಂದ ಮೈಸೂರಿಗೂ ಮಳವಳ್ಳಿಗೂ ನರಸೀಪುರಕ್ಕೂ ಬಸ್ಸುಗಳು ಹೊರಡುತ್ತವೆ. ದಾರಿ ತಪ್ಪಿದ ಹಿರಿಯರೊಬ್ಬರು ಯಾವುದನ್ನಾದರೂ ಹತ್ತಬಹುದು. ಅವರ ಜೇಬಿನಲ್ಲಿ ಮನೆಯ ದೂರವಾಣಿಯ ಸಂಖ್ಯೆಯ ಚೀಟಿಯಿದ್ದು, ಬೀದಿಯ ಅಂಗಡಿಯವರಿಗೂ ಸಂಗತಿ ತಿಳಿದಿದ್ದರೆ ಅನೇಕ ವೇಳೆ ಪ್ರಕಟಣೆಯ ಪ್ರಸಂಗವೇ ಬರಲಾರದು. ಬಂದರೂ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು ಎಂದಷ್ಟೇ ಬರೆಯಬೇಕಾಗದ ಮನೆಯು ಧನ್ಯ. ಎಡಗೈಯ ಹೆಬ್ಬೆರಳಿನ ಮೇಲೆ ಕುಡುಗೋಲಿನ ಹಳೆಯ ಗಾಯವಿದೆ, ಯಾರು ಮಾತನಾಡಿಸಿದರೂ ಮೊದಲು ‘ಊಟವಾಯಿತೇ’ ಎಂದು ಕೇಳುವರು, ಕರೆದರೆ ಹೆಸರಿಗಿಂತ ‘ಮೇಷ್ಟ್ರೇ’ ಎಂಬ ಮಾತಿಗೆ ಬೇಗ ತಿರುಗುವರು ಎಂದು ಬರೆಯಬಲ್ಲ ಮಗನೇ ತಂದೆಯನ್ನು ಕಂಡವನು. ಇಷ್ಟನ್ನು ನೆನಪಿಗೆ ತಂದಿತೆಂಬ ಕಾರಣದಿಂದ ಈ ಚಿತ್ರವು, ತನ್ನ ದೋಷಗಳೊಡನೆಯೇ, ಸಂಸಾರವಂದಿಗರು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ನೋಡಲು ತಕ್ಕುದಾಗಿದೆ. ನೋಡಿ ಎದ್ದಮೇಲೆ ಅವರನ್ನೇ ಒಂದೆರಡು ಮಾತು ಕೇಳಲು ಹೊತ್ತು ಇನ್ನೂ ಇರುವ ಮನೆಗಳಿಗಂತೂ ಅವಶ್ಯವಾಗಿ ತಕ್ಕುದಾಗಿದೆ.